ಬೆಳಗಿಗೆ ಜಾರಿಹೋಗಿದ್ದ ರಾತ್ರಿ: ಧರ್ಮಸಭೆಯ ವರ್ಷ ಬೆಳೆದುಬಂದ ಬಗೆ

ನೂರು ವರ್ಷದ ಹಿಂದೆ ಕಥೋಲಿಕ ದೇವಾಲಯಗಳಲ್ಲಿ ಪವಿತ್ರ ಶನಿವಾರ, ಅಂದರೆ ಪಾಸ್ಖ (ಈಸ್ಟರ್, ಯೇಸುವಿನ ಪುನರುತ್ಥಾನದ ಹಬ್ಬ) ಭಾನುವಾರದ ಹಿಂದಿನ ದಿನ, ಹೀಗಿರುತ್ತಿತ್ತು: ಬೆಳಗಿನ ಹೊತ್ತು, ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿದೆ, ಬೆಂಚುಗಳು ಹೆಚ್ಚುಕಡಿಮೆ ಖಾಲಿ. ದೊಡ್ಡ ಪಾಸ್ಖ ಮೇಣದಬತ್ತಿಯ ಪಕ್ಕದಲ್ಲಿ ನಿಂತು ಡೀಕನ್ (ಯಾಜಕರ ಸಹಾಯಕ) ಲತೀನಿನಲ್ಲಿ ರಾಗವಾಗಿ ಹಾಡುತ್ತಾನೆ: ‘ಇದೇ ಆ ರಾತ್ರಿ’. ಒಂದು ಸಲವಲ್ಲ, ಮತ್ತೆ ಮತ್ತೆ. ಕತ್ತಲನ್ನು ಓಡಿಸಿತೆಂದು ಹಾಡು ಹೊಗಳುವ ಆ ಬೆಳಕು ಬಿಸಿಲಿನಲ್ಲಿ ಕಣ್ಣಿಗೂ ಕಾಣಿಸುವುದಿಲ್ಲ.

ಹಾಡು ತಪ್ಪಾಗಿರಲಿಲ್ಲ, ಗಡಿಯಾರ ತಪ್ಪಿತ್ತು. ಮೊದಲ ಶತಮಾನಗಳಲ್ಲಿ ಇದು ಇಡೀ ರಾತ್ರಿಯ ಜಾಗರಣೆ. ಉಪವಾಸ ಮುಗಿಯುವ ಹೊತ್ತಿಗಾಗಿ ಕಾದವರ ಅವಸರವೋ ಏನೋ, ಮಧ್ಯಯುಗದುದ್ದಕ್ಕೂ ವಿಧಿ ಸಂಜೆಗೆ, ಮಧ್ಯಾಹ್ನಕ್ಕೆ ಹಿಂದೆ ಸರಿಯುತ್ತಲೇ ಬಂತು. 1566ರಲ್ಲಿ ಪೋಪ್ ಐದನೇ ಪಿಯುಸರು ಮಧ್ಯಾಹ್ನದ ನಂತರ ಬಲಿಪೂಜೆ ಅರ್ಪಿಸಕೂಡದೆಂದು ವಿಧಿಸಿದ ಮೇಲೆ ಅದು ಬೆಳಗಿನಲ್ಲೇ ನೆಲೆನಿಂತಿತು. ಅಲ್ಲಿಂದ ಸುಮಾರು 400 ವರ್ಷ, ರಾತ್ರಿಯ ಹಾಡನ್ನು ಹಗಲಲ್ಲಿ ಹಾಡಿದ್ದಾಯಿತು.

ಈ ಪುಟ್ಟ ವಿಪರ್ಯಾಸದಿಂದ ಶುರುಮಾಡಲು ಕಾರಣವಿದೆ. ಆಗಮನ ಕಾಲ, ಕ್ರಿಸ್ತ ಜಯಂತಿ (ಕ್ರಿಸ್ಮಸ್), ತಪಸ್ಸು ಕಾಲ, ಪಾಸ್ಖ ಕಾಲ, ಸಾಧಾರಣ ಕಾಲ ಎಂದು ಇವತ್ತು ಚಕ್ರದಂತೆ ತಿರುಗುವ ಆರಾಧನಾ ವರ್ಷವನ್ನು ಯಾರೋ ಒಬ್ಬರು ಕುಳಿತು ರೂಪಿಸಿದ್ದಲ್ಲ. ಅದು ಆ ಒಂದು ರಾತ್ರಿಯಿಂದ ಹಿಂದಕ್ಕೂ ಮುಂದಕ್ಕೂ ಬೆಳೆಯುತ್ತಾ ಹೋಯಿತು.

ಮೊದಲಿಗೆ ಇದ್ದದ್ದು ಭಾನುವಾರ ಮಾತ್ರ. ವರ್ಷಕ್ಕೊಮ್ಮೆ ಪಾಸ್ಖ ಆಚರಿಸತೊಡಗಿದ ಕೂಡಲೇ ಜಗಳ ಎದ್ದಿತು: ಯಾವ ದಿನ? ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನ ವಾರ ಯಾವುದೇ ಇರಲಿ, ಅಂದೇ ಎಂದರು ಏಷ್ಯಾ ಮೈನರ್‌ನವರು (ಇಂದಿನ ಟರ್ಕಿ). ಅದರ ನಂತರದ ಭಾನುವಾರ ಎಂದರು ರೋಮಿನವರು. 155ರ ಸುಮಾರಿಗೆ ಸ್ಮರ್ನಾದ ವೃದ್ಧ ಧರ್ಮಾಧ್ಯಕ್ಷ ಪೊಲಿಕಾರ್ಪರು ರೋಮಿಗೇ ಬಂದು ಅಲ್ಲಿನ ಧರ್ಮಾಧ್ಯಕ್ಷ ಅನಿಸೆಟಸರೊಂದಿಗೆ ಮಾತಾಡಿದರು. ಒಬ್ಬರೂ ಪಟ್ಟು ಬಿಡಲಿಲ್ಲ. ಆದರೆ ಅನಿಸೆಟಸರು ತಮ್ಮ ದೇವಾಲಯದ ಬಲಿಪೂಜೆಯನ್ನು ಅತಿಥಿಗೇ ಬಿಟ್ಟುಕೊಟ್ಟರು, ಇಬ್ಬರೂ ಶಾಂತಿಯಿಂದ ಬೀಳ್ಕೊಂಡರು. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಒಂದು ತಲೆಮಾರು ಕಳೆಯುವಷ್ಟರಲ್ಲಿ ರೋಮಿನ ಧರ್ಮಾಧ್ಯಕ್ಷ ವಿಕ್ಟರರು ಅದೇ ಏಷ್ಯಾದವರನ್ನು ಸಭೆಯಿಂದ ಹೊರಹಾಕಲು ಹೊರಟರು. ಲಿಯೋನ್ಸಿನ ಧರ್ಮಾಧ್ಯಕ್ಷ ಇರೆನೇಯುಸರು ಹಳೆಯ ಆ ಸೌಜನ್ಯವನ್ನು ನೆನಪಿಸಿ ಪತ್ರ ಬರೆಯಬೇಕಾಯಿತು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂಬ ತೀರ್ಮಾನ ಬಂದದ್ದು 325ರಲ್ಲಿ, ನಿಸೇಯಾ ಮಹಾಸಭೆಯಲ್ಲಿ. ಮುಂದೆ ರೂಢಿಗೆ ಬಂದ ಲೆಕ್ಕ ಹೀಗಿದೆ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಅದಕ್ಕೇ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಓಡಾಡುತ್ತದೆ. ಚಂದ್ರ, ಸೂರ್ಯ, ವಾರ ಮೂರನ್ನೂ ಒಟ್ಟಿಗೆ ಕಟ್ಟಿದ ಗಂಟು ಇದು.

ಹಬ್ಬ ಗೊತ್ತಾದ ಮೇಲೆ ಅದರ ಸಿದ್ಧತೆ, ಅಂದರೆ ತಪಸ್ಸು ಕಾಲ. ದೀಕ್ಷಾಸ್ನಾನ ಕೊಡುತ್ತಿದ್ದದ್ದು ಮುಖ್ಯವಾಗಿ ಆ ರಾತ್ರಿಯೇ. ಹಾಗಾಗಿ ಅಭ್ಯರ್ಥಿಗಳ ಜೊತೆ ಉಳಿದವರೂ ಉಪವಾಸವಿದ್ದರು. ಯೇಸು ಮರುಭೂಮಿಯಲ್ಲಿ ಕಳೆದ 40 ದಿನಗಳ ಮಾದರಿ ಗಟ್ಟಿಯಾದದ್ದು 4ನೇ ಶತಮಾನದಲ್ಲಿ. ರೋಮಿನಲ್ಲಿ ಲೆಕ್ಕ ಕೂಡಿಬರಲಿಲ್ಲ. ಆರು ವಾರ ಎಂದರೆ ಭಾನುವಾರ ಬಿಟ್ಟು 36 ದಿನ. ಪೋಪ್ ಮಹಾ ಗ್ರೆಗೊರಿಯವರು ಇದಕ್ಕೂ ಒಂದು ಅರ್ಥ ಹಚ್ಚಿದರು: ವರ್ಷದ ಹತ್ತನೇ ಒಂದು ಪಾಲು, ದೇವರಿಗೆ ಸಲ್ಲುವ ದಶಾಂಶ! ಆಮೇಲೆ ಕೊರತೆ ಬಿದ್ದ ನಾಲ್ಕು ದಿನಗಳನ್ನು ಆರಂಭದ ಕಡೆ ಸೇರಿಸಿದರು. ಆರಂಭ ಬುಧವಾರಕ್ಕೆ, ಅಂದರೆ ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರಕ್ಕೆ, ಬಂದದ್ದು ಹೀಗೆ. ಬೂದಿ ಮೊದಲು ಬಹಿರಂಗ ಪ್ರಾಯಶ್ಚಿತ್ತಕ್ಕೆ ನಿಂತವರ ಗುರುತು. ಅದು ಎಲ್ಲರಿಗೂ ಅನ್ವಯವಾದದ್ದು 11ನೇ ಶತಮಾನದ ಹೊತ್ತಿಗೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು (ಪಾಸ್ಖಕ್ಕೆ ಹಿಂದಿನ ಭಾನುವಾರ) ಕೈಯಲ್ಲಿ ಹಿಡಿದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ. ಜಯಕಾರ ಹಾಕಿದ ಗರಿಯೇ ‘ನೀನು ಮಣ್ಣು’ ಎಂದು ಹೇಳಲು ಹಣೆಗೆ ಬರುತ್ತದೆ.

ಪವಿತ್ರ ವಾರದ ವಿಧಿಗಳು ಜೆರುಸಲೇಮಿನ ಬೀದಿಗಳಿಂದ ಬಂದವು. 380ರ ದಶಕದಲ್ಲಿ ಪಶ್ಚಿಮದಿಂದ ಹೊರಟ ಎಗೇರಿಯಾ ಎಂಬ ಹೆಣ್ಣುಮಗಳು ಅಲ್ಲಿ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾಳೆ. ಒಲಿವ್ ಗುಡ್ಡದಿಂದ ಜನ ಗರಿ, ಕೊಂಬೆ ಹಿಡಿದು ಇಳಿದುಬರುತ್ತಿದ್ದರು. ಶುಭ ಶುಕ್ರವಾರದಂದು ಧರ್ಮಾಧ್ಯಕ್ಷರು ಶಿಲುಬೆಯ ತುಂಡಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದರು, ಸುತ್ತ ಡೀಕನ್‌ಗಳ ಕಾವಲು. ಬಂದವರು ಬಗ್ಗಿ ಹಣೆ, ಕಣ್ಣು ಒತ್ತಿ ಮುತ್ತಿಡಬಹುದು, ಕೈಯಲ್ಲಿ ಮುಟ್ಟುವಂತಿಲ್ಲ. ಕಾವಲು ಯಾಕೆಂದರೆ, ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರವನ್ನು ಕಚ್ಚಿ ಕದ್ದೊಯ್ದಿದ್ದನಂತೆ! ಭಕ್ತಿ ಅಂದೂ ಅಷ್ಟು ಸಾಧುವಾಗಿರಲಿಲ್ಲ. ಯಾತ್ರಿಕರು ಇದನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಊರಿಗೆ ಮರಳಿ ತಮ್ಮ ದೇವಾಲಯಗಳಲ್ಲೇ ಜೆರುಸಲೇಮನ್ನು ಕಟ್ಟಿಕೊಂಡರು.

ಕ್ರಿಸ್ತ ಜಯಂತಿ ತಡವಾಗಿ ಬಂದ ನೆಂಟ. ಡಿಸೆಂಬರ್ 25ರ ಮೊದಲ ಖಚಿತ ದಾಖಲೆ ರೋಮಿನದು. 354ರ ಸಂಕಲನವೊಂದರಲ್ಲಿದ್ದರೂ ಅದರ ಮೂಲ 336ರದ್ದು. ರೋಮನ್ನರ ಸೂರ್ಯೋತ್ಸವವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡರು ಎಂಬ ಮಾತು ಜನಪ್ರಿಯ. ಯೇಸು ಗರ್ಭದಲ್ಲಿ ಮೂಡಿದ್ದೂ ಮರಣ ಹೊಂದಿದ್ದೂ ಮಾರ್ಚ್ 25ರಂದೇ ಎಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು ವಾದ. ಎರಡನೆಯದೇ ಆಗಿದ್ದರೆ ಕ್ರಿಸ್ತ ಜಯಂತಿಯೂ ಪಾಸ್ಖದ ಲೆಕ್ಕದಿಂದಲೇ ಹುಟ್ಟಿದ್ದು. ನನ್ನ ಒಲವು ಆ ಕಡೆಗೆ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಅಸ್ಸಿಸಿಯ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊದಲ್ಲಿ ಎತ್ತು, ಕತ್ತೆ, ಹುಲ್ಲಿನೊಂದಿಗೆ ಮಾಡಿಸಿದ್ದರಿಂದ ಮನೆಮಾತಾಯಿತು.

ಕ್ರಿಸ್ತ ಜಯಂತಿಗೆ ಸಿದ್ಧರಾಗುವ ಆಗಮನ ಕಾಲ ಗಾಲ್ ಪ್ರಾಂತ್ಯದಲ್ಲಿ (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಹಿಡಿಯುತ್ತಿದ್ದ ಉಪವಾಸವಾಗಿತ್ತು. ರೋಮ್ ಅದನ್ನು ನಾಲ್ಕು ಭಾನುವಾರಗಳಿಗೆ ಇಳಿಸಿತು. ಈಗ ಧರ್ಮಸಭೆಯ ಹೊಸ ವರ್ಷ ಶುರುವಾಗುವುದೇ ಇಲ್ಲಿ, ಅದೂ ಲೋಕಾಂತ್ಯದ ವಾಚನದೊಂದಿಗೆ. ವಾರಕ್ಕೊಂದು ಮೇಣದಬತ್ತಿ ಹಚ್ಚುವ ಹಸಿರೆಲೆಯ ಬಳೆ ಪುರಾತನವೆಂದು ಅನೇಕರ ನಂಬಿಕೆ. ಅದು 1839ರದ್ದು, ಹ್ಯಾಂಬರ್ಗ್‌ನ ಲುಥೆರನ್ ಪಾದ್ರಿ ಯೋಹಾನ್ ವಿಕರ್ನ್ ತಮ್ಮ ಆಶ್ರಯದಲ್ಲಿದ್ದ ಬಡಮಕ್ಕಳಿಗೆ ದಿನ ಎಣಿಸಲೆಂದು ಗಾಡಿಯ ಗಾಲಿಯ ಮೇಲೆ ಬತ್ತಿ ಜೋಡಿಸಿದ್ದು. ಕಥೋಲಿಕರು ಸಂತೋಷವಾಗಿ ಎರವಲು ಪಡೆದರು.

ಯಾಜಕರ ಪೂಜಾವಸ್ತ್ರದ ಬಣ್ಣಗಳ ವಿವರ ಬರೆದವರು ಮುಂದೆ 1198ರಲ್ಲಿ ಪೋಪ್ ಆದ ಮೂರನೇ ಇನೊಸೆಂಟರು. ಬಿಳಿ, ಕೆಂಪು, ಕಪ್ಪು ಹಬ್ಬಕ್ಕೋ ಹುತಾತ್ಮರಿಗೋ ದುಃಖಕ್ಕೋ ಸರಿ, ಏನೂ ಇಲ್ಲದ ದಿನಕ್ಕೆ? ಹಸಿರು, ಏಕೆಂದರೆ ಅದು ಆ ಮೂರರ ನಡುವಿನ ಬಣ್ಣ ಎಂದರು ಅವರು. ಸಾಧಾರಣ ಕಾಲದ 33 ಅಥವಾ 34 ವಾರ ಯಾಜಕರ ಮೈಮೇಲಿರುವ ಹಸಿರಿನ ಹಿಂದೆ ಇಂಥ ಸರಳ ತರ್ಕವಿದೆ.

ಕಳೆದ ಶತಮಾನ ಇದನ್ನೆಲ್ಲ ಮತ್ತೆ ಅಲುಗಾಡಿಸಿತು. 1951ರಲ್ಲಿ ಹನ್ನೆರಡನೇ ಪಿಯುಸರು ಪಾಸ್ಖ ಜಾಗರಣೆಯನ್ನು ರಾತ್ರಿಗೆ ಮರಳಿಸಲು ಪ್ರಯೋಗಕ್ಕೆ ಅನುಮತಿ ಕೊಟ್ಟರು, 1956ರಿಂದ ಅದೇ ನಿಯಮ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಆರನೇ ಪೌಲರು ಇಡೀ ಪಂಚಾಂಗವನ್ನು ತಿದ್ದಿದರು. ಭಾನುವಾರಕ್ಕೆ ಮೂರು ವರ್ಷಗಳ ವಾಚನ ಚಕ್ರ ಬಂತು: ವರ್ಷಕ್ಕೊಂದರಂತೆ ಮತ್ತಾಯ, ಮಾರ್ಕ, ಲೂಕರ ಶುಭಸಂದೇಶ. ಕಳೆದುಕೊಂಡದ್ದೂ ಇದೆ. ತಪಸ್ಸು ಕಾಲಕ್ಕೆ ಎರಡೂವರೆ ವಾರ ಮೊದಲೇ ಮನಸ್ಸನ್ನು ಹದಮಾಡುತ್ತಿದ್ದ ಮೂರು ಭಾನುವಾರಗಳು ಹೋದವು. ಪಾಸ್ಖದವರೆಗೆ ಮತ್ತೆ ಹಾಡದ ‘ಅಲ್ಲೆಲೂಯ’ (ದೇವರಿಗೆ ಸ್ತೋತ್ರ) ಪದಕ್ಕೆ ಆ ಹೊತ್ತಿಗೆ ವಿದಾಯ ಹೇಳುತ್ತಿದ್ದರು. ಮಧ್ಯಯುಗದ ಫ್ರಾನ್ಸಿನಲ್ಲಿ ಕೆಲವೆಡೆ ಗಾಯಕ ಹುಡುಗರು ಆ ಪದಕ್ಕೆ ಶವಯಾತ್ರೆಯನ್ನೇ ನಡೆಸಿ ಹೂಳುತ್ತಿದ್ದರು. ಅದನ್ನು ತೆಗೆಯಬಾರದಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಜಾಗರಣೆ ಕತ್ತಲಲ್ಲೇ ನಡೆಯುತ್ತದೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಬತ್ತಿಯ ಮೇಣದಲ್ಲಿ ಶಿಲುಬೆಯನ್ನೂ ಅದರ ಸುತ್ತ ಆ ವರ್ಷದ ನಾಲ್ಕು ಅಂಕಿಗಳನ್ನೂ ಕೊರೆಯುತ್ತಾರೆ. ಹೊತ್ತು ಸರಿಹೋಯಿತು, ದಿನದ ಜಗಳ ಉಳಿದಿದೆ. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗೊರಿಯವರು ಅಕ್ಟೋಬರ್ 4ರ ಮರುದಿನವೇ 15 ಎಂದು 10 ದಿನ ಹಾರಿಸಿದ್ದು ಮುಖ್ಯವಾಗಿ ಪಾಸ್ಖದ ಲೆಕ್ಕ ಸರಿಪಡಿಸಲು. ಬಹುತೇಕ ಆರ್ಥೊಡಾಕ್ಸ್ ಸಭೆಗಳು ಹಬ್ಬಕ್ಕೆ ಇಂದಿಗೂ ಹಳೆಯ ಜೂಲಿಯನ್ ಲೆಕ್ಕವನ್ನೇ ಹಿಡಿದಿವೆ. ನಿಸೇಯಾ ಮಹಾಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಎರಡೂ ಲೆಕ್ಕ ಏಪ್ರಿಲ್ 20ಕ್ಕೇ ಬಂದು ಕೂಡಿದವು. 2026ಕ್ಕೆ ಮತ್ತೆ ಒಂದು ವಾರದ ಅಂತರ: ಕಥೋಲಿಕರಿಗೆ ಏಪ್ರಿಲ್ 5, ಆರ್ಥೊಡಾಕ್ಸರಿಗೆ 12.