ಕೊಳವೆಬಾವಿಯ ನೀರು, ಕರೆಗಟ್ಟಿದ ಹಲ್ಲು

ಬಾಗೇಪಲ್ಲಿ, ಗುಡಿಬಂಡೆ, ಪಾವಗಡದ ಕಡೆಯ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಗುಟ್ಕಾ ಹಾಕ್ತೀಯೇನಪ್ಪಾ?” ಹಾಕದವನು ಏನು ಹೇಳಬೇಕು? ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ, ನಡುನಡುವೆ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು-ಕಾಫಿ ಮುಗಿಸಿ ಹೋದ ಮೇಲೆ “ಹುಡುಗಿ ಲಕ್ಷಣವಾಗವ್ಳೆ, ಹಲ್ಲೇ ಸರಿಯಿಲ್ಲ” ಎಂದು ಹೇಳಿಕಳಿಸುವುದೂ ಉಂಟು. ನಗು ಬಂದಾಗ ಸೆರಗೋ ಅಂಗೈಯೋ ತಾನಾಗಿ ಬಾಯಿಗೆ ಅಡ್ಡ ಬರುವುದು ಈ ಸೀಮೆಯ ಎಷ್ಟೋ ಜನಕ್ಕೆ ರೂಢಿಯಾಗಿಬಿಟ್ಟಿದೆ.

ನೋಡುವವರ ಕಣ್ಣಿಗೆ ಅದು ಕೊಳೆ. ಸರಿಯಾಗಿ ಉಜ್ಜಿಲ್ಲ, ಅಷ್ಟೇ. ಮನೆಯವರೂ ಹಾಗೇ ನಂಬಿದ್ದರಿಂದ ಇದ್ದಿಲು, ಇಟ್ಟಿಗೆ ಪುಡಿ ಎಂದು ತಿಕ್ಕಿ ತಿಕ್ಕಿ ಹಲ್ಲನ್ನೇ ಸವೆಸಿಕೊಂಡವರಿದ್ದಾರೆ. ಆದರೆ ಕರೆ ಇರುವುದು ಹಲ್ಲಿನ ಮೇಲಲ್ಲ, ಎನಾಮಲ್ ಎಂಬ ಅದರ ಗಟ್ಟಿ ಹೊರಪದರದ ಒಳಗೆ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಿದ್ದರೆ ಎನಾಮಲ್ ಪೂರ್ತಿ ಗಟ್ಟಿಯಾಗುವುದಿಲ್ಲ. ಅದರಲ್ಲಿ ಉಳಿದ ಸಣ್ಣ ಸಣ್ಣ ರಂಧ್ರಗಳು ಹಲ್ಲು ಮೂಡಿದ ಮೇಲೆ ಬಣ್ಣ ಹೀರುತ್ತವೆ.

ಹೀಗಾಗಿ ಒಂದೇ ಮನೆಯಲ್ಲಿ ವಿಚಿತ್ರ ಕಾಣುತ್ತದೆ. ಬಾಲ್ಯದಲ್ಲಿ ಸೇದುವ ಬಾವಿಯ ನೀರು ಕುಡಿದ ಅಜ್ಜಿಯ ಹಲ್ಲು ಬಿಳುಪು. ಹೊರಗಿನಿಂದ ಬಂದ ಸೊಸೆಯದ್ದೂ ಬಿಳುಪು. ನಡುವೆ ಬೋರ್ ನೀರು ಕುಡಿದು ಬೆಳೆದ ಮಗನಿಗೆ, ಮೊಮ್ಮಕ್ಕಳಿಗೆ ಕರೆ. ಗೊತ್ತಿಲ್ಲದವರು ಹೆಂಗಸರು ಶುಚಿ, ಗಂಡಸರು ಸೋಮಾರಿಗಳು ಎಂದುಕೊಂಡಾರು! ಸೊಸೆಗೂ ಆ ನೀರು ತಟ್ಟದೆ ಬಿಡುವುದಿಲ್ಲ. ವರ್ಷಗಳ ಮೇಲೆ ಮಂಡಿಯಲ್ಲಿ, ಸೊಂಟದಲ್ಲಿ, ಕತ್ತಿನಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದು.

ಇಂಥ ಹಲ್ಲು ಅಮೆರಿಕದಲ್ಲೂ ಇತ್ತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ತುಂಬ ಕಂದು ಕಲೆ ಕಂಡ. ಹಂದಿಮಾಂಸ ಅತಿಯಾಗಿ ತಿಂದದ್ದಕ್ಕೆ, ಕಳಪೆ ಹಾಲು ಕುಡಿದದ್ದಕ್ಕೆ ಹೀಗಾಯಿತು ಎಂದು ಅಲ್ಲಿನವರೂ ತಲೆಗೊಂದು ಕಾರಣ ಹೇಳುತ್ತಿದ್ದರಂತೆ. ನೀರಿನಲ್ಲಿರುವ ಫ್ಲೋರೈಡೇ ಕಾರಣವೆಂದು ಪತ್ತೆಯಾಗಲು 1931 ಬರಬೇಕಾಯಿತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಮತ್ತು ಸಂಗಡಿಗರು ಬರೆದ ವರದಿ ಇನ್ನೂ ಕಠಿಣ: ಅಲ್ಲಿ ಹಲ್ಲಷ್ಟೇ ಅಲ್ಲ, ಮೂಳೆಯೇ ಕೆಟ್ಟು ಬೆನ್ನು, ಕೀಲು ಬಿಗಿದುಹೋಗಿದ್ದವು.

ಅಂದರೆ ನಮ್ಮ ಹಳ್ಳಿಗಳಲ್ಲಿ ಬೋರ್ ಕೊರೆಯುವ ಹೊತ್ತಿಗೆ ವಿಷಯ ಹೊಸದೇನೂ ಆಗಿರಲಿಲ್ಲ. ಹಾಗೆಂದು ಕೈಪಂಪನ್ನು ಸುಮ್ಮನೆ ಬೈಯುವಂತೆಯೂ ಇಲ್ಲ. ತೆರೆದ ಬಾವಿ, ಕೆರೆಯ ನೀರು ವಾಂತಿಭೇದಿ ತರುತ್ತಿತ್ತು. ಪಂಪಿನ ನೀರು ಮಕ್ಕಳನ್ನು ಅದರಿಂದ ಉಳಿಸಿತು. ಕೆಟ್ಟದ್ದು ಆಮೇಲೆ. ಪಾಲಾರ್, ಪೆನ್ನಾರ್, ಚಿತ್ರಾವತಿ ಹುಟ್ಟುವುದೇ ನಂದಿಬೆಟ್ಟದ ಸುತ್ತಮುತ್ತ. ಆದರೂ ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ಕೆರೆಗಳಲ್ಲಿ ಹೂಳು ತುಂಬಿತು. ಟೊಮೆಟೊಗೆ, ಹಿಪ್ಪುನೇರಳೆಗೆ, ದ್ರಾಕ್ಷಿಗೆ ಒಂದರ ಪಕ್ಕ ಒಂದು ಬೋರ್ ಬಿತ್ತು, ಆಳ ಸಾವಿರ ಅಡಿ ದಾಟಿತು. ಇಲ್ಲಿನ ತಳಬಂಡೆ ಗ್ರಾನೈಟು ಮತ್ತು ನೈಸ್ ಎಂಬ ಪಟ್ಟೆಗಲ್ಲು. ಅದರಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಕಣ್ಣಿಗೆ ಕಾಣದ್ದು, ರುಚಿಗೆ ಸಿಗದ್ದು. ಮಿತಿ ದಾಟಿದ್ದು ಗೊತ್ತಾಗುವ ಹೊತ್ತಿಗೆ ಮಕ್ಕಳ ಹಲ್ಲು ಬಂದಾಗಿರುತ್ತದೆ.

ಕಾಲು ಡೊಂಕಾದವರ, ಬೆನ್ನು ಬಗ್ಗಿದವರ ಪಾಡು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಫ್ಲೋರೈಡಿನಿಂದ ಬರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ಹೆಸರಿಲ್ಲ. ಓಡಾಟಕ್ಕೆ ಎಷ್ಟು ತೊಂದರೆ ಎಂದು ಅಳೆಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಕರೆ ಹಲ್ಲಿಗೆ ಅದೂ ಇಲ್ಲ. ದಂತವೈದ್ಯರು ಮೇಲ್ಪದರ ತೆಳುವಾಗಿ ಉಜ್ಜಿ ತೆಗೆಯಬಲ್ಲರು, ಹಲ್ಲಿನದೇ ಬಣ್ಣದ ಹೊದಿಕೆ ಕೂರಿಸಬಲ್ಲರು. ಮದುವೆ ಗೊತ್ತಾಗುವ ಮುಂಚೆ ಸಾಲ ಮಾಡಿ ಅದನ್ನು ಮಾಡಿಸುವ ಅಪ್ಪ-ಅಮ್ಮಂದಿರ ಸಂಕಟ ನನಗೆ ಅರ್ಥವಾಗುತ್ತದೆ. ಮಾಡಿಸದಿದ್ದರೆ ಆರೋಗ್ಯಕ್ಕೇನೂ ಕುತ್ತಿಲ್ಲವೆಂಬುದನ್ನೂ ಅವರಿಗೆ ಯಾರಾದರೂ ಹೇಳಬೇಕು.

ಈಗ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿ ಕ್ಯಾನು ತುಂಬಿಸಿ ಬೈಕಿಗೆ ನೇತುಹಾಕಿಕೊಂಡು ಬರುವುದು ಬೆಳಗಿನ ಕೆಲಸ. ಕುಡಿಯುವುದಕ್ಕೆ ಫಿಲ್ಟರ್ ನೀರು. ಮುದ್ದೆಗೆ, ಸಾರಿಗೆ ಬಹಳ ಮನೆಗಳಲ್ಲಿ ಇನ್ನೂ ನಲ್ಲಿಯದ್ದೇ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಾಢವಾಗುತ್ತದೆ. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕ ಮಕ್ಕಳಿಗೆ ಹಾನಿ ಕಡಿಮೆ. ಆದರೆ ಹಾಲಿಗೆ ಹೆಸರಾದ ಈ ಜಿಲ್ಲೆಗಳಲ್ಲಿ ಕರೆದ ಹಾಲು ಡೇರಿಗೆ ಹೋಗಿ, ಮನೆಯ ಪಾಲಿಗೆ ಕಾಫಿಗಾಗುವಷ್ಟು ಉಳಿದರೆ ಹೆಚ್ಚು.

ನದಿ ನೀರಿನ ಮಾತು ಇನ್ನೂ ದೂರದಲ್ಲಿದೆ. ಪಶ್ಚಿಮಘಟ್ಟದ ನೀರನ್ನು ಈ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಬಿದ್ದದ್ದು 2014ರಲ್ಲಿ, ಮೊದಲ ಹಂತ ಉದ್ಘಾಟನೆಯಾದದ್ದು 2024ರಲ್ಲಿ. ಅಡಿಗಲ್ಲಿನ ವರ್ಷ ಹುಟ್ಟಿದ ಮಗುವಿನ ಮುಂಬಾಯಿಯ ಶಾಶ್ವತ ಹಲ್ಲುಗಳೆಲ್ಲ ಅಷ್ಟರಲ್ಲಿ ಬಂದಾಗಿತ್ತು, ಬೋರ್ ನೀರು ಕುಡಿದೇ.