ನಾನು ಮುಟ್ಟದ ಟೆಸ್ಟ್ ಯಾಕೆ ಫೇಲ್ ಆಯಿತು?

ಓದುಗರ ಪ್ರಶ್ನೆ: ಕಂಟೇನರ್‌ಗಳನ್ನು ಹಲವು ಮೆಷಿನ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಕುಬರ್ನೆಟಿಸ್‌ಗೆ ಮೊದಲ ಸಲ ಒಂದು ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ್ದೇನೆ. ಬದಲಿಸಿದ್ದು ಒಂದು ಎರರ್ ಮೆಸೇಜ್ ಅಷ್ಟೇ. ಆದರೂ ಎಲ್ಲೋ ಇರುವ ಡಿಪ್ಲಾಯ್‌ಮೆಂಟ್ ಟೆಸ್ಟ್ ಫೇಲ್ ಆಯಿತು. ರೀಟೆಸ್ಟ್ ಕಮಾಂಡ್ ಕೊಟ್ಟರೆ ಅದೇ ಕೋಡ್ ಪಾಸ್! ಹೀಗೆ ಪಾಸ್ ಆಗುವವರೆಗೆ ರೀಟೆಸ್ಟ್ ಕೊಡುತ್ತಾ ಹೋಗಬಹುದಾ?

ಕೋಡ್ ಬದಲಾಗದೆಯೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಫ್ಲೇಕಿ ಟೆಸ್ಟ್ ಎನ್ನುತ್ತಾರೆ. ರೀಟೆಸ್ಟ್ ಕೊಡಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಫೇಲ್ ಆದ ಲಾಗ್ ತೆರೆದು ಓದಿ. ಅದರಲ್ಲಿ ನಿಜವಾದ ಬಗ್ ಇರಬಹುದು.

ಕುಬರ್ನೆಟಿಸ್‌ನಲ್ಲಿ ಯಾವ ಕೆಲಸವೂ ಹೇಳಿದ ತಕ್ಷಣ ಮುಗಿಯುವುದಿಲ್ಲ. ಮೂರು ಪಾಡ್ (ಒಟ್ಟಿಗೆ ಓಡುವ ಒಂದೋ ಹೆಚ್ಚೋ ಕಂಟೇನರ್‌ಗಳ ಗುಂಪು) ಇರುವ ಡಿಪ್ಲಾಯ್‌ಮೆಂಟ್ ಬೇಕು ಅಂತ ಕೇಳಿದಿರಿ ಅನ್ನಿ. ಎಪಿಐ ಸರ್ವರ್ ಅದನ್ನು ಎಟ್ಸಿಡಿ ಎಂಬ ಡೇಟಾಬೇಸ್‌ನಲ್ಲಿ ಬರೆದಿಟ್ಟು ‘ಆಯ್ತು’ ಅನ್ನುತ್ತದೆ. ಆಗ ಪಾಡ್ ಒಂದೂ ಇರುವುದಿಲ್ಲ. ಕೇಳಿದ್ದನ್ನು ನಿಜ ಮಾಡುವ ಪ್ರೋಗ್ರಾಂಗೆ ಕಂಟ್ರೋಲರ್ ಎನ್ನುತ್ತಾರೆ. ಡಿಪ್ಲಾಯ್‌ಮೆಂಟ್ ಕಂಟ್ರೋಲರ್ ಅದನ್ನು ನೋಡಿ ರೆಪ್ಲಿಕಾಸೆಟ್ (ಇಂತಿಷ್ಟು ಪಾಡ್ ಇರಲಿ ಅನ್ನುವ ದಾಖಲೆ) ಮಾಡಬೇಕು. ಇನ್ನೊಂದು ಕಂಟ್ರೋಲರ್ ಆ ರೆಪ್ಲಿಕಾಸೆಟ್ ನೋಡಿ ಪಾಡ್ ಮಾಡಬೇಕು. ಶೆಡ್ಯೂಲರ್ ಪಾಡ್‌ಗೆ ನೋಡ್ (ಅದು ಓಡುವ ಮೆಷಿನ್) ಹುಡುಕಬೇಕು, ಆ ನೋಡ್‌ನಲ್ಲಿರುವ ಕುಬ್ಲೆಟ್ ಎಂಬ ಪ್ರೋಗ್ರಾಂ ಕಂಟೇನರ್ ಶುರು ಮಾಡಬೇಕು. ಯಾರೂ ಯಾರಿಗೂ ನೇರವಾಗಿ ಹೇಳುವುದಿಲ್ಲ. ಎಲ್ಲರೂ ಎಪಿಐ ಸರ್ವರ್ ಕಡೆ ನೋಡುತ್ತಾ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ.

ಈಗ ಟೆಸ್ಟ್ ಬರೆದವರು ‘ಡಿಪ್ಲಾಯ್‌ಮೆಂಟ್ ಮಾಡು, 5 ಸೆಕೆಂಡ್ ಸ್ಲೀಪ್, ಆಮೇಲೆ ಪಾಡ್ ಎಣಿಸು’ ಅಂತ ಬರೆದಿದ್ದರೆ? ಅವರ ಲ್ಯಾಪ್‌ಟಾಪ್‌ನಲ್ಲಿ ಪಾಸ್. ಕಳಿಸಿದ ಕೋಡ್ ಮೇಲೆ ತಾನಾಗಿಯೇ ಹತ್ತಾರು ಟೆಸ್ಟ್ ಒಟ್ಟಿಗೆ ಓಡಿಸುವ ಸಿಐ ಮೆಷಿನ್‌ನಲ್ಲಿ ಸಿಪಿಯು ಸಿಗದೆ ಆ ಕೆಲಸಕ್ಕೆ 7 ಸೆಕೆಂಡ್ ಹಿಡಿದರೆ ಫೇಲ್. ಸ್ಲೀಪ್ ಅನ್ನು 10ಕ್ಕೆ ಏರಿಸುವುದು ಪರಿಹಾರ ಅಲ್ಲ. ಸ್ವಲ್ಪ ಹೊತ್ತಿಗೊಮ್ಮೆ ನೋಡುತ್ತಾ, ಮೂರು ಪಾಡ್ ಕಂಡ ಕೂಡಲೇ ಮುಂದೆ ಹೋಗಬೇಕು. ಒಂದು ನಿಮಿಷವಾದರೂ ಕಾಣದಿದ್ದರೆ ಮಾತ್ರ ಫೇಲ್ ಅನ್ನಬೇಕು. ಗೊಮೆಗಾ ಎಂಬ ಟೆಸ್ಟ್ ಲೈಬ್ರರಿಯ ‘ಇವೆಂಚುವಲಿ’ ಇರುವುದೇ ಇದಕ್ಕೆ. ಹೀಗೆ ಬರೆದರೆ ಟೆಸ್ಟ್ ಬೇಗ ಕೂಡ ಮುಗಿಯುತ್ತದೆ.

ಇನ್ನೊಂದು ಕಾರಣ ಕುಬರ್ನೆಟಿಸ್ ಬರೆದಿರುವ ಗೋ ಭಾಷೆಯದೇ. ಅದರಲ್ಲಿ ಮ್ಯಾಪ್ (ಕೀ ಮತ್ತು ವ್ಯಾಲ್ಯೂ ಜೋಡಿಗಳ ಸಂಗ್ರಹ) ಮೇಲೆ ಲೂಪ್ ಓಡಿಸಿದರೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಬರುತ್ತದೆ ಅಂತಿಲ್ಲ. ಹಾಗೆ ಸಿಕ್ಕ ಪಟ್ಟಿಯನ್ನು ಸಾರ್ಟ್ ಮಾಡದೆ ಹೋಲಿಸಿದ ಟೆಸ್ಟ್ ಒಂದಲ್ಲ ಒಂದು ದಿನ ಬೀಳುತ್ತದೆ.

ಆದರೆ ಎಲ್ಲ ಸಲವೂ ಟೆಸ್ಟ್‌ನದೇ ತಪ್ಪಲ್ಲ. ಕಂಟ್ರೋಲರ್‌ಗಳು ತಮ್ಮ ಬಳಿಯ ಕ್ಯಾಶ್ (ಎಪಿಐ ಸರ್ವರ್‌ನಲ್ಲಿರುವ ಮಾಹಿತಿಯ ನಕಲು) ನೋಡಿ ಕೆಲಸ ಮಾಡುತ್ತವೆ, ಆ ಕ್ಯಾಶ್ ಚೂರು ಹಿಂದೆ ಇರಬಹುದು. ಈಗಷ್ಟೇ ತಾನೇ ಮಾಡಿದ ಪಾಡ್ ಕ್ಯಾಶ್‌ನಲ್ಲಿ ಕಾಣದಿದ್ದರೆ, ಕಂಟ್ರೋಲರ್ ಮತ್ತೊಂದು ಮಾಡಿಬಿಡುತ್ತದೆ ಅಲ್ವಾ? ಅದನ್ನು ತಡೆಯಲೆಂದೇ ರೆಪ್ಲಿಕಾಸೆಟ್ ಕಂಟ್ರೋಲರ್‌ನ ಕೋಡ್‌ನಲ್ಲಿ ‘ಎಕ್ಸ್‌ಪೆಕ್ಟೇಶನ್ಸ್’ ಅಂತ ಒಂದು ಲೆಕ್ಕ ಇದೆ: ಇಷ್ಟು ಪಾಡ್ ಮಾಡಿದ್ದೇನೆ, ಅವು ಕ್ಯಾಶ್‌ನಲ್ಲಿ ಕಾಣುವವರೆಗೆ ಹೊಸದು ಬೇಡ. ಇಂಥ ಲೆಕ್ಕ ಇಡದ ಕಂಟ್ರೋಲರ್‌ನಲ್ಲಿ ಟೆಸ್ಟ್ ಅಪರೂಪಕ್ಕೊಮ್ಮೆ ಮೂರರ ಬದಲು ನಾಲ್ಕು ಪಾಡ್ ಎಣಿಸುತ್ತದೆ. ರೀಟೆಸ್ಟ್ ಕೊಟ್ಟು ಮುಂದೆ ಹೋದರೆ ಅದೇ ಬಗ್ ಯಾರದೋ ಪ್ರೊಡಕ್ಷನ್ ಕ್ಲಸ್ಟರ್‌ನಲ್ಲಿ ಎದುರಾಗುತ್ತದೆ. ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇದೇ.

ಸಣ್ಣ ದೋಷ ಅಂತ ಬಿಟ್ಟರೂ ಲೆಕ್ಕ ಕೈಕೊಡುತ್ತದೆ. ಸಾವಿರ ಟೆಸ್ಟ್ ಇವೆ, ಪ್ರತಿಯೊಂದೂ ಬೇರೆ ಬೇರೆಯಾಗಿ ಸಾವಿರಕ್ಕೊಮ್ಮೆ ಸುಮ್ನೆ ಫೇಲ್ ಆಗುತ್ತದೆ ಅಂದುಕೊಳ್ಳಿ. ಆಗ ಎಲ್ಲವೂ ಒಟ್ಟಿಗೆ ಪಾಸ್ ಆಗುವುದು 100ರಲ್ಲಿ ಸುಮಾರು 37 ಸಲ ಮಾತ್ರ. ರಿವ್ಯೂ ಮಾಡುವವರ ಎಲ್‌ಜಿಟಿಎಂ (‘ಚೆನ್ನಾಗಿದೆ’ ಅನ್ನುವ ಒಪ್ಪಿಗೆ), ಅಪ್ರೂವ್ ಎರಡೂ ಸಿಕ್ಕರೂ ಟೆಸ್ಟ್‌ಗಳು ಪಾಸ್ ಆಗದೆ ಕುಬರ್ನೆಟಿಸ್‌ನ ಸಿಐ ವ್ಯವಸ್ಥೆಯಾದ ಪ್ರೌನಲ್ಲಿ ಮರ್ಜ್ ನೋಡಿಕೊಳ್ಳುವ ಟೈಡ್ ನಿಮ್ಮ ಕೋಡ್ ಸೇರಿಸುವುದಿಲ್ಲ. ಕಾಯುವವರು ನೀವೊಬ್ಬರೇ ಅಲ್ಲ.

ಹಾಗಾಗಿ ಲಾಗ್‌ನಲ್ಲಿ ಕಂಡ ಟೆಸ್ಟ್ ಹೆಸರನ್ನು ಇಶ್ಯೂಗಳಲ್ಲಿ ಹುಡುಕಿ. ಸಿಗದಿದ್ದರೆ ಹೊಸ ಇಶ್ಯೂ ತೆರೆದು ಫ್ಲೇಕ್ ಅಂತ ಲೇಬಲ್ ಹಾಕಿ, ಲಾಗ್‌ನ ಲಿಂಕ್ ಕೊಡಿ. ಪುರುಸೊತ್ತಿದ್ದರೆ ಸರಿಪಡಿಸಲೂ ಕೂರಿ. ಮೊದಲ ಕೊಡುಗೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ, ಏಕೆಂದರೆ ಒಳಗಿನ ಯಂತ್ರವೆಲ್ಲ ಅರ್ಥವಾಗುತ್ತದೆ. ಯೂನಿಟ್ ಟೆಸ್ಟ್ (ಕೋಡ್‌ನ ಒಂದು ಸಣ್ಣ ಭಾಗದ ಟೆಸ್ಟ್) ಆದರೆ ರೇಸ್ ಡಿಟೆಕ್ಟರ್ (ಒಂದೇ ಡೇಟಾವನ್ನು ಏಕಕಾಲಕ್ಕೆ ಮುಟ್ಟುವ ತಪ್ಪು ಹಿಡಿಯುವ ಸೌಲಭ್ಯ) ಆನ್ ಮಾಡಿ ಟೆಸ್ಟ್‌ನ ಬೈನರಿ ಕಟ್ಟಿ, ಅದನ್ನು ಮತ್ತೆ ಮತ್ತೆ ಓಡಿಸುವ ಗೋದ ‘ಸ್ಟ್ರೆಸ್’ ಟೂಲ್‌ಗೆ ಕೊಡಿ. ಎಷ್ಟು ಸಲ ಓಡಿತು, ಎಷ್ಟು ಸಲ ಬಿತ್ತು ಅಂತ ಅದು ತೋರಿಸುತ್ತಾ ಹೋಗುತ್ತದೆ. ಆ ಎರಡು ಸಂಖ್ಯೆಗಳನ್ನು, ಫಿಕ್ಸ್‌ಗೆ ಮೊದಲಿನದು ಮತ್ತು ನಂತರದ್ದು, ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ಬರೆಯಿರಿ. ರಿವ್ಯೂ ಮಾಡುವವರು ಮೊದಲು ಕೇಳುವುದು ಅದನ್ನೇ.