ಇಂಡಿ ಆಲ್ಬಂ ಪೋಸ್ಟರ್: ಖಾಲಿ ಜಾಗ ಓದುವುದು ಹೇಗೆ?

ಇಂಡಿ ಅಂದರೆ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ವಿಜಯಪುರ ಜಿಲ್ಲೆಯ ಊರು, ಅಲ್ಲಿಯ ಲಿಂಬೆ. ಸಂಗೀತದ ಮಾತಿನಲ್ಲಿ ಬಂದರೆ ‘ಇಂಡಿಯಾ’ದ ಮೊಟಕು ರೂಪ ಇರಬೇಕು ಅಂದುಕೊಳ್ಳುವವರೂ ಇದ್ದಾರೆ. 1990ರ ದಶಕದಲ್ಲಿ ಟಿವಿಯಲ್ಲಿ ‘ಇಂಡಿಪಾಪ್’ ಎಂಬ ಹೆಸರು ಕೇಳಿ ಕೇಳಿ ಹಾಗಾಗಿರಬೇಕು. ಇಲ್ಲಿ ಹೇಳಹೊರಟಿರುವ ಇಂಡಿ ಬಂದಿದ್ದು ‘ಇಂಡಿಪೆಂಡೆಂಟ್’ ಎಂಬ ಪದದಿಂದ. ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಹಾಡು ಮಾಡಿ, ಮುದ್ರಿಸಿ, ಅಂಗಡಿಗೆ ತಲುಪಿಸುವುದು ಅಂತ ಅರ್ಥ.

ಮೊದಲಿಗೆ ಇದು ಸಂಗೀತದ ಬಗೆಯ ಹೆಸರಾಗಿರಲಿಲ್ಲ. ವ್ಯಾಪಾರದ ಮಾತಾಗಿತ್ತು. ಬ್ರಿಟನ್ನಿನಲ್ಲಿ 1980ರ ಜನವರಿಯಲ್ಲಿ ಇಂಡಿ ರೆಕಾರ್ಡುಗಳ ಚಾರ್ಟ್, ಅಂದರೆ ಯಾವುದು ಎಷ್ಟು ಮಾರಾಟವಾಯಿತು ಅನ್ನುವ ಕ್ರಮಪಟ್ಟಿ, ಶುರುವಾಯಿತು. ಅದರಲ್ಲಿ ಜಾಗ ಸಿಗಬೇಕಾದರೆ ಒಂದೇ ನಿಯಮ: ರೆಕಾರ್ಡ್ ಅಂಗಡಿಗೆ ಹೋಗುವ ದಾರಿ ದೊಡ್ಡ ಕಂಪನಿಗಳದ್ದಾಗಿರಬಾರದು. ಹಾಡು ಹೇಗಿದೆ ಅಂತ ಯಾರೂ ಕೇಳುತ್ತಿರಲಿಲ್ಲ. 1988ರಲ್ಲಿ ಕೈಲಿ ಮಿನೋಗ್ ಅವರ ಕುಣಿತದ ಪಾಪ್ ಹಾಡು ಕೂಡ ಆ ಚಾರ್ಟಿನ ತುದಿಗೇರಿತು. ಅವರ ರೆಕಾರ್ಡುಗಳನ್ನು ಅಂಗಡಿಗೆ ಕಳಿಸುತ್ತಿದ್ದುದು ಸ್ವತಂತ್ರ ವಿತರಕರು, ಅಷ್ಟೇ ಕಾರಣ.

ಹಾಗಿದ್ದರೂ ಇಂದು ಇಂಡಿ ಅಂದ ತಕ್ಷಣ ಒಂದು ಚಹರೆ ಕಣ್ಣಿಗೆ ಕಟ್ಟುತ್ತದೆ. ಕಪ್ಪು ಬಿಳುಪು ಫೋಟೋ. ಜಾಸ್ತಿ ಖಾಲಿ ಜಾಗ. ಸಣ್ಣ ಅಕ್ಷರ. ಕ್ಯಾಮೆರಾ ಕಡೆ ನೋಡದ ಮುಖ. ಎಷ್ಟೋ ಸಲ ಮುಖವೇ ಇಲ್ಲ. ವಿತರಣೆಯ ಲೆಕ್ಕಕ್ಕೆ ಹುಟ್ಟಿದ ಪದಕ್ಕೆ ಈ ಚಹರೆ ಸಿಕ್ಕಿದ್ದರಲ್ಲಿ ರೆಕಾರ್ಡಿನ ಕವರ್, ಪತ್ರಿಕೆಯ ಜಾಹೀರಾತು, ಗೋಡೆಯ ಪೋಸ್ಟರ್‌ಗಳ ಪಾಲು ದೊಡ್ಡದು. ಇವನ್ನು ನೋಡುವಾಗ ಏನಿದೆ ಅನ್ನುವುದಕ್ಕಿಂತ ಏನನ್ನು ಬಿಟ್ಟಿದ್ದಾರೆ ಅಂತ ಹುಡುಕಬೇಕು ಅನ್ನುವುದು ನನ್ನ ಅನಿಸಿಕೆ. ಬಿಟ್ಟ ಪ್ರತಿಯೊಂದಕ್ಕೂ ಒಂದು ಕಾರಣ ಇರುತ್ತದೆ.

ಮೊದಲು ‘ರೂಢಿ’ ಅನ್ನುವ ಮಾತು. ವಿನ್ಯಾಸದಲ್ಲಿ ರೂಢಿ ಅಂದರೆ ನೋಡುವವರಿಗೆ ಯಾರೂ ಹೇಳಿಕೊಡದೆ ಗೊತ್ತಿರುವ ಗುರುತು. ನಮ್ಮ ಮದುವೆ ಕರೆಯೋಲೆ ನೋಡಿ. ಮೂಲೆಗೆ ಅರಿಸಿನ, ಮೇಲೆ ಗಣಪತಿ, ನಡುವೆ ದೊಡ್ಡದಾಗಿ ಹುಡುಗ ಹುಡುಗಿಯ ಹೆಸರು. ಒಂದಕ್ಷರ ಓದದೆ ಇದು ಮದುವೆಯದ್ದು ಅಂತ ಗೊತ್ತಾಗುತ್ತದೆ, ಅಲ್ವಾ? ಸಿನಿಮಾ ಪೋಸ್ಟರ್‌ಗೂ ಅದರದ್ದೇ ರೂಢಿ ಇದೆ. ನಾಯಕನ ಮುಖ ಎಲ್ಲಕ್ಕಿಂತ ದೊಡ್ಡದು. ಹೆಸರಿನ ಅಕ್ಷರಗಳು ಹಾಳೆಯಿಂದ ಎದ್ದು ಬರುವಂತಿರುತ್ತವೆ. ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಕವಿಯ ಮುಖ, ಹಾಡಿದವರ ಮುಖ ನೋಡುತ್ತಾ ಬೆಳೆದವರು ನಾವು. ಯಾರು ಹಾಡಿದ್ದಾರೆ ಅಂತ ತೋರಿಸುವುದೇ ಪೋಸ್ಟರ್‌ನ ಕೆಲಸ ಅಂತ ನಂಬಿದ್ದೆವು. ಇಂಡಿ ಪೋಸ್ಟರ್ ಅದನ್ನೇ ಬಿಟ್ಟುಬಿಡುತ್ತದೆ.

ಈ ಕಥೆಗೆ ಮ್ಯಾಂಚೆಸ್ಟರ್ ಮುಖ್ಯ. 1978ರಲ್ಲಿ ಅಲ್ಲಿನ ಹ್ಯೂಮ್ ಎಂಬ ಬಡಾವಣೆಯ ರಸೆಲ್ ಕ್ಲಬ್‌ನಲ್ಲಿ ಟೋನಿ ವಿಲ್ಸನ್ ಮತ್ತು ಅಲನ್ ಇರಾಸ್ಮಸ್ ‘ದಿ ಫ್ಯಾಕ್ಟರಿ’ ಎಂಬ ಹೆಸರಿನಲ್ಲಿ ಸಂಗೀತದ ರಾತ್ರಿಗಳನ್ನು ನಡೆಸಿದರು. ಪೋಸ್ಟರ್ ಮಾಡಿದ್ದು ಪೀಟರ್ ಸ್ಯಾವಿಲ್, ಆಗಿನ್ನೂ ವಿನ್ಯಾಸ ಕಲಿಯುತ್ತಿದ್ದ ಹುಡುಗ. ಹಳದಿ, ಕಪ್ಪು. ಕಾರ್ಖಾನೆಗಳಲ್ಲಿ ಕಾಣುವ ಎಚ್ಚರಿಕೆ ಫಲಕದ ಹಾಗೆ. ಕಿವಿಗೆ ರಕ್ಷಣೆ ಹಾಕಿಕೊಳ್ಳಿ ಅನ್ನುವ ಫಲಕ ಕಾಲೇಜಿನ ಬಾಗಿಲಿನ ಮೇಲಿತ್ತು. ಅದನ್ನೇ ತಂದು ಪೋಸ್ಟರ್‌ಗೆ ಹಾಕಿದರು. ಗಿಟಾರ್ ಇಲ್ಲ, ಕೂದಲು ಹಾರಿಸುವ ಗಾಯಕ ಇಲ್ಲ. ಪೋಸ್ಟರ್ ಮುಗಿಯುವುದು ತಡವಾಗಿ ಮೊದಲ ರಾತ್ರಿಗೆ ಸಿಗಲೇ ಇಲ್ಲ. ಆದರೂ ಅವರೇ ಆಮೇಲೆ ಕಟ್ಟಿದ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ತನ್ನ ಪಟ್ಟಿಯ ಒಂದನೇ ನಂಬರನ್ನು, ಅಂದರೆ ಎಫ್‌ಎಸಿ 1 ಅನ್ನು, ಕೊಟ್ಟಿದ್ದು ಈ ಪೋಸ್ಟರ್‌ಗೆ. ಮೊದಲ ರೆಕಾರ್ಡಿಗೆ ಸಿಕ್ಕಿದ್ದು 2. ಹಾಡಿಗಿಂತ ಮುಂಚೆ ಕಾಗದಕ್ಕೆ ನಂಬರ್ ಕೊಟ್ಟರು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಜಾಹೀರಾತು ಕೂಡ ನಮ್ಮ ಕೃತಿಯೇ, ಹಾಡಿನ ಬಾಲ ಅಲ್ಲ ಅಂತ ಅವರು ಹೇಳಿದ ಹಾಗಾಯಿತು.

ಮುಂದಿನ ವರ್ಷ, 1979ರಲ್ಲಿ, ಅದೇ ಕಂಪನಿಯಿಂದ ಜಾಯ್ ಡಿವಿಷನ್ ತಂಡದ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’ ಬಂತು. ಕಪ್ಪು ಹಿನ್ನೆಲೆ, ನಡುವೆ ಗುಡ್ಡಸಾಲಿನಂತೆ ಏರಿಳಿಯುವ ಬಿಳಿ ಗೆರೆಗಳು. ಟೀ ಶರ್ಟ್ ಮೇಲೆ ನೀವೂ ಖಂಡಿತ ನೋಡಿರುತ್ತೀರಿ. ಆ ತಂಡದ ಒಂದು ಹಾಡನ್ನೂ ಕೇಳದವರು ಕೂಡ ಅದನ್ನು ತೊಟ್ಟಿರುತ್ತಾರೆ. ಅದು ಸುಮ್ನೆ ಬರೆದ ಚಿತ್ತಾರ ಅಲ್ಲ. ಸಿಪಿ 1919 ಎಂಬ ಪಲ್ಸಾರ್ ನಕ್ಷತ್ರದಿಂದ ಬಂದ 80 ರೇಡಿಯೋ ಮಿಡಿತಗಳು, ಒಂದರ ಕೆಳಗೆ ಒಂದು ಜೋಡಿಸಿದವು. ಜೋಸೆಲಿನ್ ಬೆಲ್ 1967ರಲ್ಲಿ ಗುರುತಿಸಿದ ಮೊಟ್ಟಮೊದಲ ಪಲ್ಸಾರ್ ಅದು. ತಂಡದ ಬರ್ನಾರ್ಡ್ ಸಮ್ನರ್ ಖಗೋಳದ ವಿಶ್ವಕೋಶವೊಂದರಲ್ಲಿ ಈ ಚಿತ್ರ ನೋಡಿದರು. ಪುಸ್ತಕದಲ್ಲಿ ಬಿಳಿಯ ಮೇಲೆ ಕಪ್ಪು ಗೆರೆಗಳಿದ್ದವು. ಸ್ಯಾವಿಲ್ ಅದನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿ ಮಾಡಿದರು. ಮುಂಭಾಗದಲ್ಲಿ ತಂಡದ ಹೆಸರಿಲ್ಲ, ಆಲ್ಬಂ ಹೆಸರೂ ಇಲ್ಲ.

ವ್ಯಾಪಾರ ಗೊತ್ತಿದ್ದವರು ಯಾರೂ ಹೀಗೆ ಮಾಡಲು ಒಪ್ಪುವುದಿಲ್ಲ. ಹೆಸರು ದೊಡ್ಡದಾಗಿ ಹಾಕಿ, ಮುಖ ತೋರಿಸಿ ಅನ್ನುತ್ತಾರೆ. ಇಲ್ಲಿ ಹಾಗೆ ಹೇಳಲು ಮಾರಾಟ ವಿಭಾಗ ಅನ್ನುವುದೇ ಇರಲಿಲ್ಲ. ಆ ಖಾಲಿ ಕಪ್ಪು ಜಾಗದ ಅರ್ಥ ಅದೇ. ತೀರ್ಮಾನ ನಮ್ಮದು, ನಮ್ಮ ತಲೆಯ ಮೇಲೆ ಯಾರೂ ಇಲ್ಲ. ಜೊತೆಗೆ ಇನ್ನೊಂದು ಮಾತೂ ಇದೆ. ಕೇಳುವವನು ಜಾಣ, ಹುಡುಕಿಕೊಂಡು ಬರುತ್ತಾನೆ ಅನ್ನುವ ಭರವಸೆ. 1983ರಲ್ಲಿ ನ್ಯೂ ಆರ್ಡರ್ ತಂಡದ ಆಲ್ಬಂನಲ್ಲಿ ಸ್ಯಾವಿಲ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮುಂದೆ ಫಾಂತಾಂ ಲಾತೂರ್ ಬರೆದ ಗುಲಾಬಿಗಳ ಹಳೆಯ ವರ್ಣಚಿತ್ರ, ಮೂಲೆಯಲ್ಲಿ ಬಣ್ಣದ ಚೌಕಗಳು. ಆ ಚೌಕಗಳೇ ಅಕ್ಷರ. ಓದುವ ಕೀಲಿಯಾಗಿ ಹಿಂಬದಿಯಲ್ಲಿ ಒಂದು ಬಣ್ಣದ ಚಕ್ರ ಇತ್ತು.

ಮುಖವನ್ನು ಬಿಡುವುದಕ್ಕೆ ಇನ್ನೊಂದು ದಾರಿಯೂ ಇದೆ, ಬೇರೆಯವರ ಮುಖ ಹಾಕುವುದು. ದಿ ಸ್ಮಿತ್ಸ್ ತಂಡ ಮಾಡಿದ್ದು ಅದನ್ನೇ. ಲಂಡನ್ನಿನ ರಫ್ ಟ್ರೇಡ್ 1976ರಲ್ಲಿ ಒಂದು ಅಂಗಡಿಯಾಗಿ ಶುರುವಾಗಿ ಆಮೇಲೆ ರೆಕಾರ್ಡ್ ಕಂಪನಿಯಾಗಿತ್ತು. ಅವರು ತಂದ ಸ್ಮಿತ್ಸ್ ಕವರುಗಳಲ್ಲಿ ಹಳೆಯ ಸಿನಿಮಾಗಳ ನಟ ನಟಿಯರಿರುತ್ತಿದ್ದರು. 1986ರ ‘ದಿ ಕ್ವೀನ್ ಈಸ್ ಡೆಡ್’ ಮೇಲೆ ಮಲಗಿರುವುದು ಫ್ರೆಂಚ್ ನಟ ಅಲೈನ್ ಡೆಲಾನ್. ಫೋಟೋಗೆ ಒಂದೇ ಛಾಯೆ, ಹಸಿರೋ ನೀಲಿಯೋ. ಎರಡು ಬಣ್ಣದ ಮುದ್ರಣ ನಾಲ್ಕು ಬಣ್ಣದ್ದಕ್ಕಿಂತ ಅಗ್ಗ ಅನ್ನುವುದು ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದರೆ ಇಲ್ಲಿ ಛಾಯೆ ಇನ್ನೊಂದು ಕೆಲಸವನ್ನೂ ಮಾಡಿತು. ಬೇರೆ ಬೇರೆ ಕಾಲದ, ಬೇರೆ ಬೇರೆ ಸಿನಿಮಾದ ಫೋಟೋಗಳು ಒಂದೇ ಮನೆಯವರಂತೆ ಕಾಣತೊಡಗಿದವು. ಗೋಡೆಯ ಮೇಲೆ ದೂರದಿಂದ ನೋಡಿದರೂ ಇದು ಅವರದ್ದೇ ಅಂತ ಗೊತ್ತಾಗುತ್ತಿತ್ತು. ಹೆಸರು ಓದಬೇಕಾಗಿರಲಿಲ್ಲ.

ಅಕ್ಷರದ ವಿಷಯಕ್ಕೆ ಬರೋಣ. ಟೈಪ್‌ರೈಟರ್ ಅಕ್ಷರ, ಕೈಬರಹ, ಕತ್ತರಿಸಿ ಅಂಟಿಸಿದ ಅಕ್ಷರ, ಅಳತೆಯಲ್ಲಿ ಸರಿಯಿಲ್ಲದ ಸಾಲುಗಳು ಇಂಡಿ ಪೋಸ್ಟರ್‌ಗಳಲ್ಲಿ ಸಾಮಾನ್ಯ. ಇದೆಲ್ಲ ಬೇಕೆಂದೇ ಆರಿಸಿದ್ದು ಅಂತ ಈಗ ಅನಿಸುತ್ತದೆ. ಎಷ್ಟೋ ಸಲ ಕೈಗೆ ಸಿಕ್ಕಿದ್ದು ಅಷ್ಟೇ ಇರುತ್ತಿತ್ತು. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸಿಯಾಟಲ್‌ನದ್ದು. ಅಲ್ಲಿನ ಸಬ್ ಪಾಪ್ ಕಂಪನಿ 1989ರಲ್ಲಿ ನಿರ್ವಾಣ ತಂಡದ ಮೊದಲ ಆಲ್ಬಂ ‘ಬ್ಲೀಚ್’ ತಂದಿತು. ಚಿತ್ರ ಫಿಲ್ಮಿನ ನೆಗೆಟಿವ್ ಥರ. ತಂಡದ ಹೆಸರು ಎತ್ತರದ, ಒತ್ತೊತ್ತಾದ ಅಕ್ಷರಗಳಲ್ಲಿದೆ. ಆ ಅಕ್ಷರರೂಪದ ಹೆಸರು ಆನಿಕ್ಸ್. ಅದನ್ನು ಯಾರೂ ಕೂತು ಯೋಚಿಸಿ ಆರಿಸಲಿಲ್ಲ. ಸ್ಥಳೀಯ ಪತ್ರಿಕೆಯೊಂದರ ಅಕ್ಷರಜೋಡಣೆ ಯಂತ್ರದಲ್ಲಿ ಆ ಹೊತ್ತಿಗೆ ಹಾಕಿಟ್ಟಿದ್ದ ಅಕ್ಷರ ಅದು. ಇವತ್ತು ಲೋಕದ ಯಾವ ಮೂಲೆಯಲ್ಲಿ ನೋಡಿದರೂ ನಿರ್ವಾಣ ಅಂತ ಗುರುತಾಗುವುದು ಅದೇ ಅಕ್ಷರದಿಂದ. ಇಂಡಿ ರೂಢಿಗಳಲ್ಲಿ ಎಷ್ಟೋ ಹೀಗೇ ಹುಟ್ಟಿದವು. ಮೊದಲು ದುಡ್ಡಿಲ್ಲ, ಸಮಯ ಇಲ್ಲ. ಆಮೇಲೆ ಅದೇ ಗುರುತಾಯಿತು.

ಇಷ್ಟು ಬಿಟ್ಟರೂ ಪೋಸ್ಟರ್ ಒಂದು ಜಾಹೀರಾತು. ಅದರ ವ್ಯಾಪಾರವೆಲ್ಲ ಕೆಳಗಿನ ಪಟ್ಟಿಯಲ್ಲಿ ಕೂತಿರುತ್ತದೆ. ಮೇಲೆ ತಂಡದ ಹೆಸರು ಮತ್ತು ಆಲ್ಬಂ ಹೆಸರು, ನಡುವೆ ಚಿತ್ರ, ಕೆಳಗೆ ಬಿಡುಗಡೆ ದಿನ. ಸಿಡಿ, ಎಲ್‌ಪಿ, ಡೌನ್‌ಲೋಡ್ ಅಂತ ಯಾವ ಯಾವ ರೂಪದಲ್ಲಿ ಸಿಗುತ್ತದೆ ಅನ್ನುವ ಒಂದು ಸಾಲು. ಈಗಾಗಲೇ ಜನ ಕೇಳಿರುವ ಒಂದೆರಡು ಹಾಡಿನ ಹೆಸರು. ಮೂಲೆಯಲ್ಲಿ ಕಂಪನಿಯ ಪುಟ್ಟ ಲಾಂಛನ. ಇಂಡಿಯಲ್ಲಿ ಈ ಲಾಂಛನಕ್ಕೆ ಬೆಲೆ ಜಾಸ್ತಿ. ದೊಡ್ಡ ಕಂಪನಿಯ ಲಾಂಛನ ನೋಡಿ ಯಾರೂ ಆಲ್ಬಂ ಕೊಳ್ಳುವುದಿಲ್ಲ. ಆದರೆ ಫ್ಯಾಕ್ಟರಿ, 4ಎಡಿ, ಡೊಮಿನೊ ಅಂತ ಸ್ವತಂತ್ರ ಕಂಪನಿಯ ಹೆಸರು ಕಂಡರೆ ತಂಡದ ಹೆಸರು ಗೊತ್ತಿಲ್ಲದಿದ್ದರೂ ಒಮ್ಮೆ ಕೇಳೋಣ ಅನ್ನುವವರು ಇದ್ದರು. ಪತ್ರಿಕೆಗಳ ವಿಮರ್ಶೆಯಿಂದ ಎತ್ತಿದ ಒಂದು ಸಾಲು, ಜೊತೆಗೆ ನಕ್ಷತ್ರಗಳು ಅಥವಾ ಹತ್ತಕ್ಕೆ ಇಷ್ಟು ಅಂತ ಅಂಕ, ಇದೂ ರೂಢಿ. ನನಗೆ ಮಾತ್ರ ಇವು ಹೆಚ್ಚಾದ ಕಡೆ ಪೋಸ್ಟರ್ ಕೆಟ್ಟಂತೆ ಅನಿಸುತ್ತದೆ. ಮೇಲೆ ಅಷ್ಟು ನಂಬಿಕೆಯಿಂದ ಸುಮ್ಮನಿದ್ದು, ಕೆಳಗೆ ಬಂದು ಶಿಫಾರಸು ಪತ್ರ ತೋರಿಸಿದ ಹಾಗೆ.

ಹಳೆಯ ಬ್ರಿಟಿಷ್ ಪೋಸ್ಟರ್ ಸಿಕ್ಕರೆ ದಿನಾಂಕವನ್ನು ಕ್ಯಾಲೆಂಡರ್ ಜೊತೆ ಇಟ್ಟು ನೋಡಿ. ಸಾಮಾನ್ಯವಾಗಿ ಸೋಮವಾರ ಬಂದಿರುತ್ತದೆ. ಅಲ್ಲಿ ಆಗ ಹೊಸ ರೆಕಾರ್ಡ್ ಬರುತ್ತಿದ್ದುದು ಸೋಮವಾರ. 2015ರ ಜುಲೈ 10ರಿಂದ ಹಲವು ದೇಶಗಳು ಸೇರಿ ಶುಕ್ರವಾರಕ್ಕೆ ಬದಲಾಯಿಸಿದವು.

ಪೋಸ್ಟರ್‌ನ ಚಿತ್ರ ಸಾಮಾನ್ಯವಾಗಿ ಕವರ್‌ನದ್ದೇ ಆಗಿರುವುದಕ್ಕೂ ಅಂಗಡಿಯೇ ಕಾರಣ. ಗೋಡೆಯ ಮೇಲೆ ನೋಡಿದವನು ಶನಿವಾರ ಅಂಗಡಿಗೆ ಹೋಗಿ ಸಾಲು ಸಾಲು ರೆಕಾರ್ಡ್ ತಿರುವಿ ಹಾಕುತ್ತಾನೆ. ಹೆಸರು ಮರೆತಿರಬಹುದು, ಚಿತ್ರ ಮರೆತಿರುವುದಿಲ್ಲ. ಬ್ರಿಟನ್ನಿನ ಊರುಗಳಲ್ಲಿ ಈ ಪೋಸ್ಟರ್‌ಗಳನ್ನು ರಾತ್ರೋರಾತ್ರಿ ಅಂಟಿಸುತ್ತಿದ್ದರು. ಒಂದೇ ಪೋಸ್ಟರ್ ಪಕ್ಕಪಕ್ಕದಲ್ಲಿ ನಾಲ್ಕು, ಆರು, ಎಂಟು ಸಲ. ಹೀಗೆ ಸಾಲಾಗಿ ಅಂಟಿಸಿದಾಗ ತುಂಬಿ ತುಳುಕುವ ಪೋಸ್ಟರ್ ಬರೀ ಗಲಾಟೆಯಾಗುತ್ತದೆ. ಒಂದೇ ಆಕಾರ ಇರುವ ಖಾಲಿ ಪೋಸ್ಟರ್ ಆದರೆ ಗೋಡೆ ತುಂಬ ಒಂದು ಮಾದರಿ ಮೂಡುತ್ತದೆ, ಸೀರೆಯ ಮೇಲಿನ ಬುಟ್ಟಾದ ಹಾಗೆ. ಹಾಗಾಗಿ ಆ ಖಾಲಿತನಕ್ಕೆ ಗೋಡೆಯ ಮೇಲೂ ಒಂದು ಉಪಯೋಗ ಇತ್ತು. ದೊಡ್ಡ ಕಂಪನಿಗಳಿಗೂ ಈ ಗೋಡೆಗಳ ಬೆಲೆ ತಿಳಿದಿತ್ತು. 2004ರಲ್ಲಿ ಲಂಡನ್ನಿನ ಕ್ಯಾಮ್ಡೆನ್ ಕೌನ್ಸಿಲ್ ಹೀಗೆ ಪೋಸ್ಟರ್ ಅಂಟಿಸುವುದನ್ನು ತಡೆಯಲು ಸೋನಿ ಮತ್ತು ಬಿಎಂಜಿ ಕಂಪನಿಗಳ ಅಧಿಕಾರಿಗಳ ಮೇಲೆ ಕಾನೂನಿನ ಮೊರೆ ಹೋಗಿತ್ತು.

ಹೊಸ ತಲೆಮಾರಿಗೆ ಬಂದರೆ ಶೆಫೀಲ್ಡ್‌ನ ಆರ್ಕ್ಟಿಕ್ ಮಂಕೀಸ್. 2006ರ ಜನವರಿ 23ರ ಸೋಮವಾರ, ಡೊಮಿನೊ ಕಂಪನಿಯಿಂದ ಅವರ ಮೊದಲ ಆಲ್ಬಂ ಬಂತು. ಮೊದಲ ವಾರದಲ್ಲೇ ಬ್ರಿಟನ್ನಿನಲ್ಲಿ 3,60,000ಕ್ಕೂ ಹೆಚ್ಚು ಪ್ರತಿ ಹೋದವು. ಕವರ್ ಮೇಲೆ ತಂಡದ ನಾಲ್ವರಲ್ಲಿ ಒಬ್ಬರೂ ಇಲ್ಲ. ರಾತ್ರಿಯೆಲ್ಲ ತಿರುಗಿ ಸುಸ್ತಾದ ಅವರ ಗೆಳೆಯನೊಬ್ಬ ಸಿಗರೇಟು ಹಿಡಿದಿರುವ ಕಪ್ಪು ಬಿಳುಪು ಫೋಟೋ. ಹಾಡುಗಳಲ್ಲಿ ಬಹುಪಾಲು ಶೆಫೀಲ್ಡ್‌ನ ಶನಿವಾರ ರಾತ್ರಿಗಳ ಬಗ್ಗೆ. ಆ ಮುಖ ಭಾನುವಾರ ಮುಂಜಾನೆಯದ್ದು. ನನ್ನ ಮಟ್ಟಿಗೆ ಈ ಇಡೀ ರೂಢಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದಿದ ಚಿತ್ರ ಕಡಿಮೆ.

ಅದೇ ತಂಡದ 2013ರ ‘ಎಎಂ’ ಆಲ್ಬಂನ ಕವರ್ ಕಪ್ಪಿನ ಮೇಲೆ ಒಂದು ಬಿಳಿ ಅಲೆ. ಚೆನ್ನಾಗಿದೆ. ಆದರೆ ನೋಡಿದ ತಕ್ಷಣ 1979ರ ಪಲ್ಸಾರ್ ನೆನಪಾಗುತ್ತದೆ. ಕಪ್ಪು, ಬಿಳಿ ಗೆರೆ, ಮೌನ ಇವು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿರುವ ಇಂಡಿ ಸಮವಸ್ತ್ರ ಆಗಿದ್ದವು. ಯಾವ ಕಂಪನಿ ಬೇಕಾದರೂ ಅದನ್ನು ತೊಡಿಸಬಹುದು. ಹಾಗಾಗಿ ಇವತ್ತು ಪೋಸ್ಟರ್ ನೋಡಿ ಇದು ಸ್ವತಂತ್ರ ತಂಡ ಅಂತ ಹೇಳಲು ಆಗುವುದಿಲ್ಲ. ಮತ್ತೆ ಮೂಲೆಯ ಲಾಂಛನವನ್ನೇ ಓದಬೇಕು.

ಈ ರೂಢಿಯನ್ನು ಕನ್ನಡಕ್ಕೆ ತರಹೊರಟಾಗ ಒಂದು ನಿಜವಾದ ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಎರಡು ಬಗೆ ಇವೆ. ಲಂಡನ್ನಿನ ‘ದಿ ಎಕ್ಸ್‌ಎಕ್ಸ್’ ತಂಡ ತನ್ನ ಹೆಸರನ್ನು ಬರೀ ಚಿಕ್ಕಕ್ಷರದಲ್ಲಿ ಬರೆದು, 2009ರಲ್ಲಿ ಕಪ್ಪು ಕವರ್ ಮೇಲೆ ಒಂದೇ ಒಂದು ಬಿಳಿ ಎಕ್ಸ್ ಇಟ್ಟಿತು. ಚಿಕ್ಕಕ್ಷರ ಅಂದರೆ ಮೆಲ್ಲಗೆ ಮಾತಾಡಿದ ಹಾಗೆ. ನಮ್ಮ ಲಿಪಿಯಲ್ಲಿ ಆ ಎರಡು ಬಗೆ ಇಲ್ಲವೇ ಇಲ್ಲ. ಅಕ್ಷರಗಳ ನಡುವೆ ಜಾಗ ಬಿಟ್ಟು ಉದ್ದಕ್ಕೆ ಹರಡುವುದು ಇನ್ನೊಂದು ಇಂಡಿ ರೂಢಿ. ಬೆಂಗಳೂರಿನ ಸ್ವರಾತ್ಮ ತಂಡದ ಹೆಸರನ್ನು ಕನ್ನಡದಲ್ಲಿ ಹಾಗೆ ಬರೆದು ನೋಡಿ. ಎರಡು ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ತಲೆಕಟ್ಟುಗಳು ಒಂದೊಂದಾಗಿ ದೂರ ನಿಲ್ಲುತ್ತವೆ. ಮೂರೇ ಅಕ್ಷರ, ಆದರೂ ಸಾಲು ಸಮತಟ್ಟಾಗಿ ಕೂರುವುದಿಲ್ಲ. ಗೆರೆಯನ್ನು ತೆಳ್ಳಗೆ ಮಾಡಬಹುದು. ಇಡೀ ಹೆಸರನ್ನು ಕುಗ್ಗಿಸಿ ಮೂಲೆಗೆ ಇಡಬಹುದು. ಅಥವಾ ಒತ್ತನ್ನೇ ಮುಂದೆ ತಂದು, ಆ ಇಳಿಜಾರಿನಿಂದಲೇ ಪೋಸ್ಟರ್‌ನ ಚಿತ್ರ ಮಾಡಬಹುದು. ಇವುಗಳಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಮೂರನೆಯದು.